ಬೆಟ್ಟಕ್ಕೆ ಹೊರಟ ನಿಧಾನಸ್ಥರಿಗೊಂದು ಕೈಪಿಡಿ

ಶಿವಗಂಗೆ ಬೆಟ್ಟದಲ್ಲಿ ಒಳಕಲ್ಲು ತೀರ್ಥ ದಾಟಿ ಸ್ವಲ್ಪ ಮೇಲೆ ಹೋದ ಮೇಲೆ ನಮ್ಮ ಸೋದರತ್ತೆ ಬಂಡೆಯ ನೆರಳು ಹುಡುಕಿ ಕೂತುಬಿಟ್ಟರು. "ನೀವು ಹೋಗ್ಬನ್ನಿ ಕಣೋ, ನಾನಿಲ್ಲೇ ಇರ್ತೀನಿ. ಗಾಳಿ ಚೆನ್ನಾಗಿದೆ" ಎಂದರು. ನನ್ನ ಆರು ವರ್ಷದ ಮಗನಿಗೆ ತುದಿಯ ಬಸವಣ್ಣನನ್ನು ನೋಡುವ ಅವಸರ, ನನಗೆ ಅವನಿಗಿಂತ ಒಂದು ಕೈ ಹೆಚ್ಚು. ದಡದಡ ಹತ್ತಿ, ಮುಕ್ಕಾಲು ಗಂಟೆಯಲ್ಲಿ ದಡದಡ ಇಳಿದು ಬಂದೆವು.

"ಏನೇನು ನೋಡಿದ್ರಿ?" ಎಂದು ಅತ್ತೆ ಕೇಳಿದರು. ಬಸವಣ್ಣ, ಜನ, ಜನರ ಸೆಲ್ಫಿ ಎಂದೆ. ಅವರ ಪಟ್ಟಿ ಆಮೇಲೆ ಶುರುವಾಯಿತು. ಬಂಡೆಗೆ ಬೂದು ಬಣ್ಣದ ಚಕ್ಕೆಗಳು ಅಂಟಿಕೊಂಡಿವೆಯಲ್ಲ, ಅವು ಮಸಾಲೆ ಡಬ್ಬಿಯ ಕಲ್ಲುಹೂವಿನ ನೆಂಟರಂತೆ. ದೊಡ್ಡ ಕೋತಿಯೊಂದು ಯಾರದೋ ಕೈಯಿಂದ ಸೌತೆಕಾಯಿ ಕಿತ್ತುಕೊಂಡು, ಖಾರದ ಪುಡಿ ಹಚ್ಚಿದ ಮೈಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ತಿಂದಿತಂತೆ. ಹತ್ತುವಾಗ ಕಬ್ಬಿಣದ ಕಂಬಿಯನ್ನು ಒಂದು ಕೈಯಲ್ಲೂ ಮುಟ್ಟದ ಹುಡುಗರು ಇಳಿಯುವಾಗ ಎರಡೂ ಕೈಯಲ್ಲಿ ತಬ್ಬಿಕೊಳ್ಳುತ್ತಾರಂತೆ. ಆ ದಿನ ಬೆಟ್ಟವನ್ನು ಹೆಚ್ಚು ಕಂಡವರು ಯಾರು ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಚಾರಣಕ್ಕೆ ಹೊಸದಾಗಿ ಹೊರಟವರು ನನ್ನನ್ನು ಕೇಳುವುದು ಶೂ ಯಾವುದು, ಬ್ಯಾಗ್ ಯಾವುದು ಎಂದು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಜೊತೆಗೆ ಯಾರು ಎಂದು ನೋಡಿಕೊಳ್ಳಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅಂದಿನ ನಡಿಗೆಯ ಯಜಮಾನಿಕೆ ಅವರದು. ಅವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಏನಾಗುತ್ತದೆ ಎಂದು ಬೆಟ್ಟ ಹತ್ತಿದವರಿಗೆಲ್ಲ ಗೊತ್ತು: ಮುಂದಿನವರು ಕೂತು ದಣಿವಾರಿಸಿಕೊಳ್ಳುತ್ತಾರೆ, ಹಿಂದಿನವರು ಏದುಸಿರು ಬಿಡುತ್ತಾ ಬಂದು ತಲುಪುತ್ತಾರೆ, ಆ ಕ್ಷಣಕ್ಕೇ ಮುಂದಿನವರು "ಹೊರಡೋಣ್ವಾ?" ಎಂದು ಏಳುತ್ತಾರೆ. ನಿಜಕ್ಕೂ ವಿಶ್ರಾಂತಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಶಿವಗಂಗೆಯಂಥ ಬೆಟ್ಟವೇ ಸರಿ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ದಾಬಸ್‌ಪೇಟೆ. ಮೆಟ್ಟಿಲಿದೆ, ಕಂಬಿಯಿದೆ, ನಡುನಡುವೆ ಮಜ್ಜಿಗೆಯಿದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲಿಗೆ ನಿಲ್ಲಿಸಿದರೂ ಅಲ್ಲಿಗೊಂದು ಊರಿದ್ದಂತಿದೆ. ಗಂಗಾಧರೇಶ್ವರನ ಗುಡಿಯಲ್ಲಿ ತುಪ್ಪ ಬೆಣ್ಣೆಯಾಗುತ್ತದೆ ಎನ್ನುವ ನಂಬಿಕೆ, ಒಳಕಲ್ಲಿನ ಕುಳಿಯೊಳಗೆ ಕೈಯಿಟ್ಟರೆ ಪುಣ್ಯವಂತರಿಗೆ ನೀರು ತಾಗುತ್ತದೆ ಎನ್ನುವ ನಂಬಿಕೆ. (ನನ್ನ ಮಗನ ಕೈ ಚಿಕ್ಕದು, ತಾಗಲಿಲ್ಲ. ಆ ದಿನವಿಡೀ ತಾನು ಮಾಡಿದ ಪಾಪಗಳನ್ನು ಒಂದೊಂದಾಗಿ ಒಪ್ಪಿಕೊಳ್ಳುತ್ತಿದ್ದ.) ತುದಿಯ ಹತ್ತಿರದ ಪ್ರಪಾತವನ್ನು ತೋರಿಸಿ ಹೊಯ್ಸಳ ರಾಣಿ ಶಾಂತಲೆ ಇಲ್ಲಿಂದ ಧುಮುಕಿದಳು ಎನ್ನುತ್ತಾರೆ. ಶ್ರವಣಬೆಳಗೊಳದ ಶಾಸನ ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎನ್ನುತ್ತದೆ, ಧುಮುಕಿದ್ದು ಜನರ ಕತೆ. ಎರಡನ್ನೂ ಮಕ್ಕಳಿಗೆ ಹೇಳಿ. ಕತೆ ಎಲ್ಲಿ ಮುಗಿದು ಶಾಸನ ಎಲ್ಲಿ ಶುರುವಾಗುತ್ತದೆ ಎಂದು ಅವರೇ ಕೇಳುತ್ತಾರೆ, ಅಷ್ಟರಲ್ಲಿ ನೂರು ಮೆಟ್ಟಿಲು ಹತ್ತಿರುತ್ತಾರೆ.

ಮೈಸೂರಿನವರಿಗೆ ಚಾಮುಂಡಿಯ ಸಾವಿರ ಮೆಟ್ಟಿಲು ಇದ್ದೇ ಇದೆ. ಕೊಡಗಿನ ಕಡೆ ಹೋದರೆ ತಡಿಯಂಡಮೋಳ್. 1,748 ಮೀಟರ್, ಕೊಡಗಿನಲ್ಲಿ ಅತಿ ಎತ್ತರದ ಬೆಟ್ಟ. ಆದರೂ ಕಡೆಯ ಏರು ಬಿಟ್ಟರೆ ಮನೆಮಂದಿ ಮಾತಾಡಿಕೊಂಡು ನಡೆಯುವ ದಾರಿ.

ಇನ್ನು ಬಂಡೆ. ಬೆಂಗಳೂರು, ರಾಮನಗರ, ತುಮಕೂರು, ಕೋಲಾರದ ಸೀಮೆಯವರು ಬರೀ ಕಲ್ಲನ್ನು ನೋಡಿ ನೋಡಿ ಅದನ್ನು ನೋಡುವುದನ್ನೇ ಬಿಟ್ಟಿದ್ದಾರೆ. ಸಾವನದುರ್ಗದ ಬುಡದಲ್ಲಿ ನಿಂತು ಕತ್ತೆತ್ತಿ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರಕ್ಕೆ ಎದ್ದು ನಿಂತ ಒಂದೇ ಬೋಳು ಬಂಡೆ. ಆ ಶಿಲೆಯ ಪಟ್ಟಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಕ್ಲೋಸ್‌ಪೇಟೆ, ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬಾತನಿಂದ ಬಂದದ್ದು. ಊರು ಆ ಹೆಸರನ್ನು ಕಳಚಿಹಾಕಿತು, ಕಲ್ಲಿಗೆ ಮಾತ್ರ ಅಂಟಿಕೊಂಡಿತು. ನೆಲದಾಳದಲ್ಲಿ ಕರಗಿದ ಶಿಲೆ ತಣ್ಣಗಾಗಿ ಗಟ್ಟಿಯಾದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಮೇಲಿದ್ದ ಮಣ್ಣು, ಕಲ್ಲಿನ ಭಾರ ಸವೆದು ಹೋದಂತೆ ಬಂಡೆಯ ಹೊರಮೈ ಸಡಿಲಗೊಂಡು ಈರುಳ್ಳಿಯ ಹಾಗೆ ಪದರು ಪದರಾಗಿ ಬಿಡಿಸಿಕೊಳ್ಳುತ್ತದೆ. ಹತ್ತುವಾಗ ಒಂದು ಕಡೆ ಕಾಲು ಕುಟ್ಟಿದರೆ ಟೊಳ್ಳು ಸದ್ದು ಬಂತೆನ್ನಿ, ನೀವು ನಿಂತಿರುವುದು ಮುಂದೊಂದು ದಿನ ಉದುರಲಿರುವ ಸಿಪ್ಪೆಯ ಮೇಲೆ. ಗಾಬರಿ ಬೇಡ, ಆ "ಮುಂದೊಂದು ದಿನ" ನಮ್ಮ ಲೆಕ್ಕದ್ದಲ್ಲ.

ದೊಣೆಗಳನ್ನು ಹುಡುಕಿ. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತ ಸಣ್ಣ ಕೊಳಗಳವು. ಬೇಸಿಗೆಯಲ್ಲಿ ಬಟ್ಟಲಿನ ತಳದಲ್ಲಿ ಒಣ ಮಣ್ಣು ಬಿಟ್ಟರೆ ಇನ್ನೇನೂ ಕಾಣದು. ಮೊದಲ ಮಳೆ ಬಿದ್ದು ಒಂದೆರಡು ವಾರಕ್ಕೆ ಹೋಗಿ ನೋಡಿದರೆ ಗೊದಮೊಟ್ಟೆ, ಹುಲ್ಲು, ಉಗುರಿನಷ್ಟು ಹೂವು. ನೀರು ಆರುವುದರೊಳಗೆ ಕಪ್ಪೆಯಾಗಿಬಿಡಬೇಕು, ಗೊದಮೊಟ್ಟೆಗೆ ಇರುವ ಗಡುವು ಅಷ್ಟೇ. ಮಕ್ಕಳನ್ನು ದೊಣೆಯ ಬಳಿ ಕೂರಿಸಿದರೆ ನೀವು ತುದಿಯ ಮಾತೆತ್ತುವವರೆಗೂ ಅವರು ಎತ್ತುವುದಿಲ್ಲ.

ಬೋಳು ಬಂಡೆ ಹತ್ತುವ ವಿದ್ಯೆ ಒಂದಿದೆ. ಹೆದರಿದ ಮನುಷ್ಯ ಬಂಡೆಗೆ ಬಾಗುತ್ತಾನೆ, ಅಂಗಾಲು ಎತ್ತಿ ಬೆರಳ ಮೇಲೆ ನಿಲ್ಲುತ್ತಾನೆ, ಜಾರುತ್ತಾನೆ. ಪಾದ ಪೂರ್ತಿ ಕಲ್ಲಿಗೆ ತಾಗಬೇಕು, ಮೈ ನೆಟ್ಟಗಿರಬೇಕು. ಮೈಭಾರ ಕಾಲಿನ ಮೇಲೆ ಬಿದ್ದಷ್ಟೂ ಕಲ್ಲು ಹಿಡಿದುಕೊಳ್ಳುತ್ತದೆ. ಸಾವನದುರ್ಗದಲ್ಲಿ ಹತ್ತು ನಿಮಿಷ ಇದನ್ನು ಅಭ್ಯಾಸ ಮಾಡಿದರೆ ಅಂಗಾಲಿಗೆ ಕಲ್ಲಿನ ತರಿ ತಿಳಿಯತೊಡಗುತ್ತದೆ. ಎಲ್ಲಿ ಒರಟು, ಎಲ್ಲಿ ನೀರು ಹರಿದು ನುಣುಪು, ಎಲ್ಲಿ ಪಾಚಿ ಕಪ್ಪಾಗಿದೆ ಎಂದು ಕಣ್ಣು ಮೊದಲೇ ಹೇಳುತ್ತದೆ. ಮಳೆಯಲ್ಲಿ ಮಾತ್ರ ಯಾವ ವಿದ್ಯೆಯೂ ಬೇಡ, ಹತ್ತಲೇಬೇಡಿ.

ಮಲೆನಾಡಿನ ಬೆಟ್ಟಗಳ ರುಚಿ ಬೇರೆ. ಕುದುರೆಮುಖದಲ್ಲಿ (1,894 ಮೀಟರ್) ಬಂಡೆಯ ಬದಲು ಹುಲ್ಲು. ಅಲೆಯ ಮೇಲೆ ಅಲೆ ಬಂದಂತೆ ಹಸಿರು ದಿಣ್ಣೆಗಳು, ಅವುಗಳ ಮಡಿಕೆಯಲ್ಲಿ ಮಾತ್ರ ದಟ್ಟ ಕಾಡು. ಯಾರೋ ಹುಲ್ಲಿನ ಸೀರೆಯ ನೆರಿಗೆಗಳಲ್ಲಿ ಕತ್ತಲೆ ಸಿಕ್ಕಿಸಿಟ್ಟ ಹಾಗೆ. ಮಡಿಕೆಯ ಈ ಕಾಡಿಗೆ ಶೋಲಾ ಎನ್ನುತ್ತಾರೆ. ಮಳೆಗಾಲದ ನೀರನ್ನು ಈ ಹುಲ್ಲೂ ಕಾಡೂ ಹೀರಿಟ್ಟುಕೊಂಡು ಬೇಸಿಗೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂವರ ತವರೂ ಇದೇ ಬೆಟ್ಟಸಾಲು. ಇಂಥ ನೆಲದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಯವರೆಗೂ ನಡೆದಿತ್ತು, ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು. ಅಲ್ಲಿ ಕಾಲಿಟ್ಟಾಗ ಈ ಸಂಗತಿ ಗೊತ್ತಿದ್ದರೆ ಹಳ್ಳ ದಾಟುವಾಗ ನೀರನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಚಂದ್ರದ್ರೋಣ ಸಾಲಿನಲ್ಲಿ ನೀಲಕುರಂಜಿ 2006ರಲ್ಲಿ ಅರಳಿತು, ಮತ್ತೆ 2018ರಲ್ಲಿ. ಹನ್ನೆರಡು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ಮುಂದಿನದು 2030. ಈ ಹೂವನ್ನು ಮೂರು ಸಲ ಕಂಡವರ ಬಳಿ ಎರಡು ನಿಮಿಷ ಕೂತು ಮಾತಾಡಿ, ಅದೂ ಚಾರಣವೇ. ಇಂಬಳದ ಬಗ್ಗೆ ಹೆಚ್ಚೇನೂ ಹೇಳಲಾರೆ. ಕಾಲ್ಚೀಲಕ್ಕೆ ಹೊಗೆಸೊಪ್ಪಿನ ನೀರು ಅಥವಾ ಸುಣ್ಣ ಹಚ್ಚಿಕೊಳ್ಳಿ, ಹತ್ತಿದರೆ ಎಳೆಯದೆ ಉಪ್ಪು ಮುಟ್ಟಿಸಿ, ಸ್ವಲ್ಪ ರಕ್ತ ಹೋದರೆ ಹೋಗಲಿ ಬಿಡಿ.

ಈಗ ಕಷ್ಟದ ಬೆಟ್ಟಕ್ಕೆ ಬರೋಣ. ಕುಮಾರಪರ್ವತದ ಎತ್ತರ 1,712 ಮೀಟರ್, ಕುದುರೆಮುಖಕ್ಕಿಂತ ಕಡಿಮೆ. ಹಾಗಾದರೆ ಜನ ಇದಕ್ಕೇ ಹೆಚ್ಚು ಹೆದರುವುದೇಕೆ? ತುದಿಯ ಅಂಕಿ ನೋಡಿದರೆ ತಿಳಿಯದು, ಬುಡದ ಅಂಕಿ ನೋಡಬೇಕು. ಕುಕ್ಕೆ ಸುಬ್ರಹ್ಮಣ್ಯ ಘಟ್ಟದ ಕೆಳಗಿನ ಊರು, ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಅಷ್ಟೇ. ಅಂದರೆ ಸುಮಾರು 1,600 ಮೀಟರ್ ಎತ್ತರವನ್ನು ಪೂರ್ತಿ ಸ್ವಂತ ಕಾಲಿನಿಂದಲೇ ಸಂಪಾದಿಸಬೇಕು. ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಅತಿ ಎತ್ತರ, ಆದರೆ ಕಾರು ನೆತ್ತಿಯ ಹತ್ತಿರದವರೆಗೆ ಹೋಗುತ್ತದೆ.

1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬಾತ ಒಂದು ಸುಲಭ ಲೆಕ್ಕ ಕೊಟ್ಟ: ಐದು ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರಪರ್ವತಕ್ಕೆ ಇದನ್ನು ಹಾಕಿ. ಹದಿಮೂರು ಕಿ.ಮೀ. ಆಸುಪಾಸಿನ ದಾರಿಗೆ ಎರಡೂವರೆ ಗಂಟೆ, ಏರಿಗೆ ಇನ್ನೂ ಎರಡೂವರೆಗಿಂತ ಹೆಚ್ಚು. ಐದು ಗಂಟೆ ದಾಟಿತು, ಅದೂ ಊಟ, ನೀರು, ಬಿಸಿಲು, ಬೆನ್ನ ಹೊರೆ ಇಲ್ಲದ ಲೆಕ್ಕ. ನಮ್ಮ ಬಿಸಿಲಿಗೆ ಇದಕ್ಕೆ ಅರ್ಧದಷ್ಟು ಸೇರಿಸಿಯೇ ಹೊರಡಿ.

ಈ ಬೆಟ್ಟದ ಸೊಗಸು ಅದರ ರಚನೆಯಲ್ಲಿದೆ. ಮೊದಲ ಭಾಗ ಪೂರ್ತಿ ಕಾಡು. ಬೇರು, ಕಲ್ಲು, ಬೆವರು, ಆಕಾಶವೇ ಕಾಣದು. ಭೀಮನ ಬಂಡೆ ದಾಟಿ, ಸಾಕಪ್ಪಾ ಎನ್ನುವ ಹೊತ್ತಿಗೆ ಕಾಡು ತೆರೆದು ಗಿರಿಗದ್ದೆ, ಭಟ್ಟರ ಮನೆ. ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ಅಲ್ಲಿಂದ ಹುಲ್ಲುಗಾವಲು, ನೆರಳಿಲ್ಲ. ದಾರಿ ತನ್ನನ್ನು ಪೂರ್ತಿ ತೋರಿಸಿಕೊಂಡು ಹೆದರಿಸುತ್ತದೆ, ಮುಂದೆ ಹೋದವರು ಇರುವೆಯಷ್ಟಾಗಿ ಕಾಣುತ್ತಾರೆ. ನಾಲ್ಕು ಕಂಬದ ಕಲ್ಲುಮಂಟಪದ ಬಳಿ ನೀರಿದೆ, ಬೇಸಿಗೆಯಲ್ಲಿ ಅದನ್ನು ನಂಬುವಂತಿಲ್ಲ. ಮೇಲೆ ಶೇಷಪರ್ವತ. ಹೊಸಬರು ಇಲ್ಲಿ ಕುಣಿದಾಡಿ ಫೋಟೊ ತೆಗೆಸಿಕೊಳ್ಳುತ್ತಾರೆ, ಆಮೇಲೆ ಯಾರೋ ಬೆರಳು ತೋರಿಸಿ "ಕುಮಾರಪರ್ವತ ಅದು" ಎನ್ನುತ್ತಾರೆ. ದಾರಿ ಮತ್ತೆ ಇಳಿದು ಕಾಡು ಹೊಕ್ಕು ಇನ್ನೊಮ್ಮೆ ಬಂಡೆ ಏರುತ್ತದೆ. ಸಿಕ್ಕಿತು ಎಂದುಕೊಂಡದ್ದನ್ನು ಒಮ್ಮೆ ಕೈಬಿಡಿಸಿ ಮತ್ತೆ ಕೊಡುವ ಈ ಆಟ ಗೊತ್ತಿದ್ದು ಹೋದರೆ ಸವಿ, ಗೊತ್ತಿಲ್ಲದೆ ಹೋದರೆ ಅಳು.

2024ರ ಜನವರಿಯ ಒಂದು ವಾರಾಂತ್ಯದಲ್ಲಿ ಇದೇ ದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ವಿಡಿಯೊ ನೀವೂ ನೋಡಿರಬಹುದು. ಆಮೇಲೆ ಸರ್ಕಾರ ಚಾರಣಗಳಿಗೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಿತು. ಬೈದವರು ಇದ್ದಾರೆ, ನಾನು ಆ ಪೈಕಿ ಅಲ್ಲ. ಕಾಳ್ಗಿಚ್ಚಿನ ಕಾಲದಲ್ಲೂ ಜೋರು ಮಳೆಯಲ್ಲೂ ದಾರಿ ಮುಚ್ಚುತ್ತಾರೆ, ಹೊರಡುವ ಮುಂಚೆ ವಿಚಾರಿಸಿ.

ಕುಮಾರಪರ್ವತ ಮುಗಿಸಿದ ಉಮೇದಿನಲ್ಲಿ ನೇರ ಹಿಮಾಲಯಕ್ಕೆ ಟಿಕೆಟ್ ಮಾಡಿಸುವವರಿಗೆ ಒಂದು ಮಾತು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್‌ಗೆ ಹೋದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಅನುಭವಿಗಳೂ ಇದ್ದರು. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ, ಬಟ್ಟೆ ಒದ್ದೆಯಾಗಿ ಗಾಳಿ ಬೀಸಿದರೆ ಮೈಗೆ ತಾಗುವ ಚಳಿ ಅದಕ್ಕಿಂತ ಎಷ್ಟೋ ಹೆಚ್ಚು. ಮೋಡ ಕವಿದಾಗ ಅರ್ಧದಲ್ಲೇ ಹಿಂದಿರುಗುವ ಅಭ್ಯಾಸವನ್ನು ಸಣ್ಣ ಬೆಟ್ಟಗಳಲ್ಲೇ ಮಾಡಿಕೊಳ್ಳಿ. ಮನೆಯವರ ಜೊತೆಗಿನ ಚಾರಣ ಇದನ್ನು ಚೆನ್ನಾಗಿ ಕಲಿಸುತ್ತದೆ, ಮಗು "ಮನೆಗೆ ಹೋಗೋಣ" ಎಂದರೆ ಹೋಗಲೇಬೇಕಲ್ಲ.

ಶೂ ಬಗ್ಗೆ ಹೇಳುತ್ತೇನೆಂದಿದ್ದೆ. ಕುಮಾರಪರ್ವತಕ್ಕೆ ಮೊದಲ ಸಲ ಹೋದಾಗ ಹಿಂದಿನ ವಾರವಷ್ಟೇ ಕೊಂಡ, ಕಾಲಿಗೆ ಬಿಗಿಯಾದ ಶೂ ಹಾಕಿದ್ದೆ. ಹತ್ತುವಾಗ ಏನೂ ಅನ್ನಿಸಲಿಲ್ಲ. ಇಳಿಯುವಾಗ ಹುರುಪಿನಲ್ಲಿ ಓಡಿದೆ, ಪ್ರತಿ ಹೆಜ್ಜೆಗೂ ಹೆಬ್ಬೆರಳು ಶೂವಿನ ತುದಿಗೆ ಗುದ್ದಿತು. ಭಟ್ಟರ ಮನೆ ತಲುಪುವಷ್ಟರಲ್ಲಿ ಎರಡೂ ಉಗುರು ನೇರಳೆ ಹಣ್ಣು. ಒಂದು ಬೆರಳು ಆಡುವಷ್ಟು ಜಾಗ ಬಿಟ್ಟು ಕೊಳ್ಳಿ, ಉಗುರು ಕತ್ತರಿಸಿಕೊಂಡು ಹೋಗಿ, ಇಳಿಯುವ ಮುಂಚೆ ಲೇಸನ್ನು ಕಣಕಾಲಿನ ಬಳಿ ಬಿಗಿಯಿರಿ. ಉಳಿದ ಸಾಮಾನು ನೀರು, ಟಾರ್ಚು, ಒಂದು ಒಣ ಅಂಗಿ, ಕಡಲೆಮಿಠಾಯಿ.

ಉಗುರಿಗಿಂತ ಹೆಚ್ಚು ಕಾಡಿದ್ದು ತೊಡೆ. ಏರುವಾಗ ಸ್ನಾಯು ಕುಗ್ಗಿ ಕೆಲಸ ಮಾಡುತ್ತದೆ, ಇಳಿಯುವಾಗ ಮೈಭಾರ ತಡೆಯುತ್ತಲೇ ಹಿಗ್ಗುತ್ತದೆ. ಹೆಚ್ಚು ನೋಯಿಸುವುದು ಈ ಹಿಗ್ಗುವ ಕೆಲಸ, ಅದೂ ಮಾರನೇ ದಿನ ಅಥವಾ ಅದರಾಚೆ. ಸೋಮವಾರ ಹೇಗೋ ಆಫೀಸಿಗೆ ಹೋದೆ. ಮಂಗಳವಾರ ಬೆಳಿಗ್ಗೆ ಮನೆಯ ಮೆಟ್ಟಿಲನ್ನು ನೇರ ಇಳಿಯಲಾಗದೆ, ಗೋಡೆ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರಿ ಇಳಿಯುತ್ತಿದ್ದೆ. ಕೆಳಗೆ ಸ್ಕೂಲ್ ಬ್ಯಾಗ್ ಹಾಕಿಕೊಂಡು ನಿಂತಿದ್ದ ಮಗ ಸ್ವಲ್ಪ ಹೊತ್ತು ನೋಡಿದ.

"ಅಪ್ಪಾ, ಶಿವಗಂಗೇಲಿ ಅಜ್ಜಿ ಹೀಗೇ ಇಳಿದಿದ್ದು. ಬೇಗ ಬನ್ನಿ ಬೇಗ ಬನ್ನಿ ಅಂತ ನೀನು ಅವತ್ತು ಎಷ್ಟು ಕೂಗಿದ್ದೆ!"