ಹಳೆಯ ಆಟಿಕೆಗಳು ಮತ್ತು ದೂರದರ್ಶನ: ಒಂದು ವಿಮರ್ಶೆ

ಇತಿಹಾಸದ ಆಕರಗಳೆಂದರೆ ಶಾಸನ, ನಾಣ್ಯ, ಕಡತ, ಕಟ್ಟಡಗಳೇ ಎಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿಯೇ ಇದೆ. ಮಕ್ಕಳ ಆಟದ ಸಾಮಾನನ್ನು ಆಕರವೆಂದು ಎಣಿಸುವ ಸಂದರ್ಭ ಬಂದರೆ ಮೊಹೆಂಜೊದಾರೊ, ಹರಪ್ಪಗಳಲ್ಲಿ ದೊರೆತ ಮಣ್ಣಿನ ಪುಟ್ಟ ಬಂಡಿಗಳ ಮಾತನ್ನೆತ್ತಿ, ಆ ಕಾಲದ ಸಾರಿಗೆಯ ಸ್ವರೂಪವನ್ನು ಅವುಗಳಿಂದ ಊಹಿಸಬಹುದೆಂದು ಹೇಳಿ ಮುಂದೆ ಸಾಗುತ್ತೇವೆ. ಅವುಗಳನ್ನು ಎಳೆದಾಡಿದ ಮಕ್ಕಳ ಮಾತು ನಮ್ಮ ಪಾಠದಲ್ಲಿ ಬರುವುದಿಲ್ಲ. ಹೀಗಿರುವಾಗ, ಕೇವಲ ನಲವತ್ತು ಐವತ್ತು ವರ್ಷಗಳ ಹಿಂದಿನ ಪ್ಲಾಸ್ಟಿಕ್ ಗೊಂಬೆಗಳನ್ನು ಪ್ರಾಚ್ಯವಸ್ತುಗಳಂತೆ ಕೈಯಲ್ಲಿ ಹಿಡಿದು ಪರೀಕ್ಷಿಸುವ ಅಮೆರಿಕದ ದೂರದರ್ಶನ ಕಾರ್ಯಕ್ರಮಗಳನ್ನು ಇತಿಹಾಸದ ಅಧ್ಯಾಪಕನೊಬ್ಬನು ವಿಮರ್ಶೆಗೆ ಎತ್ತಿಕೊಂಡರೆ ಕೆಲವರಿಗೆ ನಗೆ ಬರಬಹುದು.

ಈ ಪ್ರಯತ್ನ ಅಗತ್ಯವೆಂದು ನನಗೆ ತೋರಿದುದಕ್ಕೆ ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವೇ ಕಾರಣ. ವಿದ್ಯಾರ್ಥಿಗಳು ಮನೆಯಿಂದ ಹಳೆಯ ವಸ್ತುವೊಂದನ್ನು ತಂದು ಅದನ್ನು ಆಕರವೆಂದು ಭಾವಿಸಿ ವಿವರಿಸಬೇಕೆಂದು ಹೇಳಿದ್ದೆ. ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿ ಬಾಲ್ಯದಲ್ಲಿ ಆಡಿದ ಚನ್ನಪಟ್ಟಣದ ಮರದ ಕುದುರೆಯನ್ನು ತಂದಳು. ಅರಗಿನ ಬಣ್ಣ ಬಹುಭಾಗ ಸವೆದಿತ್ತು. ಒಂದು ಗಾಲಿ ಇರಲಿಲ್ಲ. ಅವಳು ಮಾತನ್ನು ಆರಂಭಿಸುವ ಮೊದಲೇ ಹಿಂದಿನ ಸಾಲಿನಿಂದ, ಈಗ ಮಾರಿದರೆ ಎಷ್ಟು ಬರಬಹುದೆಂಬ ಪ್ರಶ್ನೆ ಬಂದಿತು. ಗಾಲಿಯಿಲ್ಲದುದರಿಂದ ಏನೂ ಬಾರದೆಂದು ಇನ್ನೊಬ್ಬನು ತೀರ್ಪು ಕೊಟ್ಟನು. ಇದನ್ನು ಅವರು ಎಲ್ಲಿ ಕಲಿತರೆಂದು ವಿಚಾರಿಸಲಾಗಿ, ಪ್ರಕೃತ ಲೇಖನದ ವಿಷಯವಾದ ಕಾರ್ಯಕ್ರಮಗಳನ್ನು ಮೊಬೈಲ್ ಫೋನಿನಲ್ಲಿ ತುಣುಕು ತುಣುಕಾಗಿ ಅವರು ನೋಡಿದ್ದುದು ತಿಳಿಯಿತು.

ಈ ಬಗೆಯ ಕಾರ್ಯಕ್ರಮಗಳಿಗೆ ಒಂದು ವಂಶಾವಳಿಯಿದೆ. ೧೯೭೯ರಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ. ಆರಂಭಿಸಿದ ‘ಆಂಟಿಕ್ಸ್ ರೋಡ್‌ಷೋ’ದಲ್ಲಿ ಜನರು ತಮ್ಮ ಮನೆಯ ಹಳೆಯ ವಸ್ತುಗಳನ್ನು ತಜ್ಞರ ಮುಂದಿಡುತ್ತಾರೆ, ತಜ್ಞರು ಅದರ ಕಾಲದೇಶಗಳನ್ನು ವಿವರಿಸಿ ಕೊನೆಯಲ್ಲಿ ಬೆಲೆಯನ್ನು ಅಂದಾಜು ಮಾಡುತ್ತಾರೆ. ಅದರ ಅಮೆರಿಕನ್ ರೂಪ ೧೯೯೭ರಲ್ಲಿ ಬಂದಿತು. ಲಾಸ್ ವೇಗಾಸಿನ ಒಂದು ಗಿರವಿ ಅಂಗಡಿಯನ್ನು ರಂಗವಾಗಿ ಮಾಡಿಕೊಂಡ ‘ಪಾನ್ ಸ್ಟಾರ್ಸ್’ ೨೦೦೯ರಲ್ಲಿಯೂ, ಹಳ್ಳಿಗಾಡಿನ ಕೊಟ್ಟಿಗೆಗಳನ್ನು ಶೋಧಿಸುವ ‘ಅಮೆರಿಕನ್ ಪಿಕರ್ಸ್’ ೨೦೧೦ರಲ್ಲಿಯೂ ಮೊದಲಾದುವು. ಆಟಿಕೆಗಳಿಗೇ ಮೀಸಲಾದ ‘ಟಾಯ್ ಹಂಟರ್’ ೨೦೧೨ರಲ್ಲಿ ಟ್ರಾವೆಲ್ ಚಾನಲಿನಲ್ಲಿ ಆರಂಭವಾಗಿ ೨೦೧೪ರವರೆಗೆ ನಡೆಯಿತು. ಸ್ವತಃ ಆಟಿಕೆಗಳ ವ್ಯಾಪಾರಿಯಾದ ಜೋರ್ಡನ್ ಹೆಂಬ್ರೋ ಅವರು ಊರೂರು ತಿರುಗಿ, ಅಟ್ಟ, ನೆಲಮಾಳಿಗೆ, ಮೋಟಾರು ಕೊಟ್ಟಡಿಗಳಲ್ಲಿ ಹುಡುಕಿ, ಚೌಕಾಸಿ ಮಾಡಿ ಕೊಂಡು, ಸಂಗ್ರಾಹಕರಿಗೆ ಮಾರುವುದೇ ಅದರ ಕಥಾಸಾರ. ‘ರೋಡ್‌ಷೋ’ದ ತಜ್ಞನು ತಾನು ಬೆಲೆಕಟ್ಟುವ ವಸ್ತುವನ್ನು ಅಲ್ಲಿಯೇ ಕೊಳ್ಳುವುದಿಲ್ಲ. ಇಲ್ಲಿ ಪರೀಕ್ಷಕನೇ ಗಿರಾಕಿ. ವಸ್ತುವಿನ ವಿಷಯವಾಗಿ ಆತನು ಆಡುವ ಪ್ರತಿಯೊಂದು ಮಾತೂ ಬೆಲೆಯನ್ನು ಏರಿಸುವ ಅಥವಾ ಇಳಿಸುವ ಮಾತೇ ಆಗುತ್ತದೆ. ತಾನು ಓದುತ್ತಿರುವ ಶಾಸನವನ್ನೇ ಅಗ್ಗವಾಗಿ ಕೊಳ್ಳಬೇಕಾದ ವಿದ್ವಾಂಸನ ಪಾಠನಿರ್ಣಯವನ್ನು ನಾವು ಎಷ್ಟರಮಟ್ಟಿಗೆ ನಂಬಿಯೇವು?

ಆದರೂ ಇವರ ವಿದ್ಯೆಯನ್ನು ಹಗುರವಾಗಿ ಕಾಣುವಂತಿಲ್ಲ. ಸಿನ್ಸಿನಾಟಿಯ ಕೆನ್ನರ್ ಕಂಪೆನಿ ೧೯೭೮ರಿಂದ ಹೊರತಂದ ‘ಸ್ಟಾರ್ ವಾರ್ಸ್’ ಗೊಂಬೆಗಳನ್ನೇ ತೆಗೆದುಕೊಳ್ಳಬಹುದು. ಮೂರು ಮುಕ್ಕಾಲು ಅಂಗುಲ ಎತ್ತರದ ಈ ಗೊಂಬೆಗಳಲ್ಲಿ ‘ಜಾವ’ ಎಂಬುದೊಂದು. ಮೊದಲು ಇದಕ್ಕೆ ವಿನೈಲಿನ ಮೇಲುಡುಪಿತ್ತು; ಸ್ವಲ್ಪ ಕಾಲದಲ್ಲಿಯೇ ಅದನ್ನು ಬಿಟ್ಟು ಬಟ್ಟೆಯ ಉಡುಪನ್ನು ತೊಡಿಸಿದರು. ಆದ್ದರಿಂದ ವಿನೈಲಿನ ಉಡುಪಿನದು ವಿರಳ, ವಿರಳವಾದುದರಿಂದ ದುಬಾರಿ, ದುಬಾರಿಯಾದುದರಿಂದ ಖೋಟಾ. ಬೇರೊಂದು ಗೊಂಬೆಯ ಉಡುಪನ್ನು ಕತ್ತರಿಸಿ ತೊಡಿಸುವ ವಂಚಕರುಂಟು. ಬಣ್ಣದ ಛಾಯೆ, ಅಂಚಿನ ಕೊಯ್ತ, ಅಚ್ಚಿನ ಗುರುತುಗಳಿಂದ ಕೃತಕವನ್ನು ಬೇರ್ಪಡಿಸುವ ಸಂಗ್ರಾಹಕನು ಮಾಡುವುದು, ಗಂಗರ ತಾಮ್ರಶಾಸನಗಳ ನೈಜತೆಯನ್ನು ಕುರಿತು ಫ್ಲೀಟ್ ಮತ್ತು ರೈಸ್ ಅವರು ವಾದಿಸಿದಾಗ ಮಾಡಿದ ಕೆಲಸಕ್ಕಿಂತ ಜಾತಿಯಲ್ಲಿ ಬೇರೆಯಲ್ಲ. ಸಾಮಾನ್ಯ ಪ್ರೇಕ್ಷಕನಿಗೆ ಬಾಹ್ಯಪರೀಕ್ಷೆ ಎಂದರೇನೆಂಬುದನ್ನು ಇಷ್ಟು ಸುಲಭವಾಗಿ ತೋರಿಸಿಕೊಡುವ ಬೇರೆ ಸಾಧನವನ್ನು ನಾನು ಕಂಡಿಲ್ಲ. ತೊಡಕೆಂದರೆ, ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಈ ಗೊಂಬೆಗಳ ಕಾಲಿನ ಮೇಲೆ ಇಸವಿಯನ್ನೂ, ಅನೇಕವುಗಳಲ್ಲಿ ತಯಾರಾದ ಸ್ಥಳದ ಹೆಸರನ್ನೂ ಅಚ್ಚೊತ್ತಿರುತ್ತಾರೆ. ‘ಹಾಂಗ್ ಕಾಂಗ್’ ಎಂಬ ಅಕ್ಷರಗಳು ಸಂಗ್ರಾಹಕನಿಗೆ ಒಂದು ಪಾಠಾಂತರ. ಅಮೆರಿಕದ ಮಗುವಿನ ಗೊಂಬೆ ಹಾಂಗ್ ಕಾಂಗಿನಲ್ಲಿ ಏಕೆ ತಯಾರಾಯಿತು, ಅದಕ್ಕೆ ಬಣ್ಣ ಬಳಿದವರು ಯಾರು, ೧೯೫೯ರಲ್ಲಿ ಜಪಾನಿನಲ್ಲಿ ತಯಾರಾಗುತ್ತಿದ್ದ ಬಾರ್ಬಿ ಮುಂದೆ ಬೇರೆ ದೇಶಗಳಿಗೆ ಏಕೆ ಸರಿಯಿತು ಎಂಬ ಪ್ರಶ್ನೆಗಳೆಲ್ಲ ಆ ಕಾಲಿನ ಮೇಲೆಯೇ ಬರೆದಿವೆ. ಓದುವವರಿಲ್ಲ.

ಇದೇ ದೋಷ ಇನ್ನೂ ತೀವ್ರವಾಗಿ ಕಾಣುವುದು ‘ಬೋಬಾ ಫೆಟ್’ ಎಂಬ ಗೊಂಬೆಯ ವಿಷಯದಲ್ಲಿ. ಬೆನ್ನಿನಿಂದ ಕ್ಷಿಪಣಿಯನ್ನು ಹಾರಿಸುವ ಈ ಗೊಂಬೆಯನ್ನು, ಬೇರೆ ನಾಲ್ಕು ಗೊಂಬೆಗಳನ್ನು ಕೊಂಡ ಗುರುತನ್ನು ಕಳುಹಿಸಿದ ಮಕ್ಕಳಿಗೆ ಅಂಚೆಯಲ್ಲಿ ಕೊಡುವುದಾಗಿ ಕೆನ್ನರ್ ಕಂಪೆನಿ ೧೯೭೯ರಲ್ಲಿ ಜಾಹೀರಾತು ಮಾಡಿತು. ಅದೇ ಸುಮಾರಿನಲ್ಲಿ ಮ್ಯಾಟೆಲ್ ಕಂಪೆನಿಯ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕ’ ಆಟಿಕೆಯೊಂದರ ಸಣ್ಣ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ಒಂದು ಮಗು ತೀರಿಕೊಂಡಿತ್ತು. ೧೯೭೯ರ ಜನವರಿಯಲ್ಲಿ ಆ ಆಟಿಕೆಗಳನ್ನು ಹಿಂತೆಗೆದುಕೊಂಡಿದ್ದರು. ಕೆನ್ನರ್ ಕಂಪೆನಿ ಹಾರುವ ಯಂತ್ರವನ್ನು ಕೈಬಿಟ್ಟು, ಕ್ಷಿಪಣಿಯನ್ನು ಬೆನ್ನಿಗೆ ಅಂಟಿಸಿ, ಹಾಗೇಕೆ ಮಾಡಿತೆಂಬುದನ್ನು ತಿಳಿಸುವ ಕಾಗದವೊಂದರೊಡನೆ ಗೊಂಬೆಯನ್ನು ಮಕ್ಕಳಿಗೆ ಕಳುಹಿಸಿತು. ಪರೀಕ್ಷೆಗಾಗಿ ಮಾಡಿದ್ದ ಕೆಲವು ಮಾದರಿಗಳಷ್ಟೇ ಉಳಿದುವು. ಅವುಗಳಲ್ಲಿ ಕೈಯಿಂದ ಬಣ್ಣ ಹಚ್ಚಿದ ಒಂದು ಮಾದರಿ ೨೦೨೪ರಲ್ಲಿ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ೫,೨೫,೦೦೦ ಡಾಲರುಗಳಿಗೆ ಮಾರಾಟವಾಯಿತು. ಅಂಗಡಿಗೆ ಬಾರದ, ಯಾವ ಮಗುವಿಗೂ ಮಾರದ ಆಟಿಕೆಯು ಆಟಿಕೆಗಳಲ್ಲೆಲ್ಲ ಅತಿ ಹೆಚ್ಚು ಬೆಲೆಯವುಗಳ ಸಾಲಿನಲ್ಲಿ ಸೇರಿತು. ಈ ಕಾರ್ಯಕ್ರಮಗಳಲ್ಲಿ ವಿರಳತೆ ಬೆಲೆಗೆ ಕಾರಣವಾಗಿ ಪದೇ ಪದೇ ಬರುತ್ತದೆ. ವಿರಳತೆಗೂ ಒಂದು ಕಾರಣವಿದ್ದೀತು, ಆ ಕಾರಣ ಒಂದು ಮನೆಯ ದುಃಖವಾಗಿದ್ದೀತು ಎಂಬುದು ವಿಷಯವಾಗುವುದಿಲ್ಲ, ಬಂದರೂ ರಂಜನೆಯ ಸಂಗತಿಯಾಗಿ ಬರುತ್ತದೆ.

ಪೆಟ್ಟಿಗೆಯ ಮಾತನ್ನೂ ಇಲ್ಲಿ ಹೇಳಬೇಕು. ‘ಟಾಯ್ ಹಂಟರ್’ ನೋಡುವವನಿಗೆ ಮೊದಲು ಮನದಟ್ಟಾಗುವ ನಿಯಮವೆಂದರೆ, ಪೆಟ್ಟಿಗೆಯಿಂದ ಹೊರತೆಗೆಯದ ಆಟಿಕೆಗೇ ಹೆಚ್ಚು ಬೆಲೆ. ಹೊರತೆಗೆದುದು ‘ಬಿಡಿ’, ಆಡಿದುದು ಕನಿಷ್ಠ. ಆಕ್ಷನ್ ಫಿಗರ್ ಅಥಾರಿಟಿಯೆಂಬ ಸಂಸ್ಥೆ ಆಟಿಕೆಗಳಿಗೆ ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು ಅವುಗಳನ್ನು ಅಕ್ರಿಲಿಕ್ ಕರಂಡಕದಲ್ಲಿ ಮುಚ್ಚಿಬಿಡುತ್ತದೆ. (ನಮ್ಮ ಪರೀಕ್ಷಾ ಪದ್ಧತಿಯ ನೆನಪಾದರೆ ಅದು ನನ್ನ ತಪ್ಪಲ್ಲ.) ೧೯೭೭ರಲ್ಲಿ ಚಿತ್ರ ಬಿಡುಗಡೆಯಾದಾಗ ಗೊಂಬೆಗಳು ಸಿದ್ಧವಿರಲಿಲ್ಲ, ಆ ವರ್ಷದ ಕ್ರಿಸ್ಮಸಿಗೆ ಕೆನ್ನರ್ ಕಂಪೆನಿ ರಟ್ಟಿನ ಲಕೋಟೆಯಲ್ಲಿ ಒಂದು ಪತ್ರವನ್ನಿಟ್ಟು, ನಾಲ್ಕು ಗೊಂಬೆಗಳನ್ನು ಮುಂದಿನ ವರ್ಷ ಕೊಡುವುದಾಗಿ ವಾಗ್ದಾನಮಾಡಿ ಮಾರಿತು. ಅಂತಹ ಪತ್ರವನ್ನು ಕಳುಹಿಸಿ ಗೊಂಬೆಗಳನ್ನು ಪಡೆದ ಮಗುವಿನ ಮನೆಯಲ್ಲಿ ಇಂದು ಆಡಿ ಸವೆದ ಗೊಂಬೆಗಳಿದ್ದಾವು. ಕಳುಹಿಸದೆ ಇಟ್ಟವನ ಬಳಿ ‘ಸಂಪೂರ್ಣ’ ಸಂಗ್ರಹಯೋಗ್ಯ ವಸ್ತುವಿದೆ. ಇದಕ್ಕೆ ತದ್ವಿರುದ್ಧವಾದ ದೃಷ್ಟಿ ಅದೇ ದೇಶದಲ್ಲಿಯೇ ಇದೆಯೆಂಬುದು ಗಮನಾರ್ಹ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಸ್ಟ್ರಾಂಗ್ ವಸ್ತುಸಂಗ್ರಹಾಲಯದಲ್ಲಿರುವ ರಾಷ್ಟ್ರೀಯ ಆಟಿಕೆಗಳ ಗೌರವಪಟ್ಟಿಗೆ ೨೦೦೫ರಲ್ಲಿ ಬರಿಯ ರಟ್ಟಿನ ಪೆಟ್ಟಿಗೆಯನ್ನೂ, ೨೦೦೮ರಲ್ಲಿ ಮರದ ಕೋಲನ್ನೂ ಸೇರಿಸಿದರು. ಅಲ್ಲಿ ಪೆಟ್ಟಿಗೆಗೆ ಮಾನ ದೊರೆತುದು ಮಗು ಅದನ್ನು ಹರಿದು ಮನೆ ಮಾಡಿ, ಹಡಗು ಮಾಡಿ ಆಡುವುದರಿಂದ.

ಸಂಗ್ರಹವೆಂದರೆ ಆರ್ಥಿಕ ಚಲಾವಣೆಯಿಂದ ಹೊರಗೆ ತೆಗೆದಿಟ್ಟ ವಸ್ತುಗಳ ಸಮೂಹವೆಂದು ಪೋಲಿಷ್ ಮೂಲದ ಇತಿಹಾಸಕಾರ ಕ್ರಿಸ್ಟೋಫ್ ಪೋಮಿಯನ್ ಅವರು ೧೯೮೭ರ ತಮ್ಮ ಗ್ರಂಥದಲ್ಲಿ ಲಕ್ಷಣ ಹೇಳಿದ್ದಾರೆ. ಆ ಲಕ್ಷಣಕ್ಕೆ ಹೊಂದಿಸಿ ನೋಡಿದರೆ ಈ ಕಾರ್ಯಕ್ರಮಗಳು ಸಂಗ್ರಹವನ್ನು ಕುರಿತವಲ್ಲ, ಸಂಗ್ರಹದ ವಿಸರ್ಜನೆಯನ್ನು ಕುರಿತವು. ಚಲಾವಣೆಯಿಂದ ಹೊರಗುಳಿದುದನ್ನು ಮತ್ತೆ ಅದರೊಳಕ್ಕೆ ತಳ್ಳುವ ಕ್ಷಣವೇ ಪ್ರತಿ ಕಂತಿನ ಪರಾಕಾಷ್ಠೆ.

ಇಷ್ಟಾದರೂ ಇವುಗಳ ಮೇಲೆ ನನಗಿರುವ ಮುಖ್ಯ ಆಕ್ಷೇಪ ಬೇರೆಯದು. ಈ ಆಟಿಕೆಗಳನ್ನು ಮಾರಿದುದೇ ದೂರದರ್ಶನ. ಮ್ಯಾಟೆಲ್ ಕಂಪೆನಿಯ ‘ಹೀ-ಮ್ಯಾನ್’ ಗೊಂಬೆ ೧೯೮೨ರಲ್ಲಿ ಬಂದಿತು. ಅದರ ಚಿತ್ರಮಾಲಿಕೆ ೧೯೮೩ರಲ್ಲಿ. ಮಕ್ಕಳ ಕಾರ್ಯಕ್ರಮಗಳಲ್ಲಿ ಜಾಹೀರಾತಿಗಿದ್ದ ಮಿತಿಗಳನ್ನು ಅಮೆರಿಕದ ಫೆಡರಲ್ ಸಂಪರ್ಕ ಆಯೋಗ ೧೯೮೪ರಲ್ಲಿ ತೆಗೆದುಹಾಕಿತು. ಜಪಾನಿನ ತಕಾರಾ ಕಂಪೆನಿಯಿಂದ ಪಡೆದ ಆಟಿಕೆಗಳಿಗೆ ಹೊಸ ಹೆಸರಿಟ್ಟು ಹ್ಯಾಸ್ಬ್ರೋ ಕಂಪೆನಿ ‘ಟ್ರಾನ್ಸ್‌ಫಾರ್ಮರ್ಸ್’ ಆಗಿ ಮಾರಿದುದೂ, ಅವುಗಳ ಚಿತ್ರಮಾಲಿಕೆ ಆರಂಭವಾದುದೂ ಅದೇ ವರ್ಷದಲ್ಲಿ. ೧೯೯೦ರ ಮಕ್ಕಳ ದೂರದರ್ಶನ ಶಾಸನವು, ವಾರದ ದಿನಗಳಲ್ಲಿ ಗಂಟೆಗೆ ೧೨ ನಿಮಿಷ, ವಾರಾಂತ್ಯದಲ್ಲಿ ಹತ್ತೂವರೆ ನಿಮಿಷ ಎಂದು ಜಾಹೀರಾತಿಗೆ ಮತ್ತೆ ಮಿತಿಯನ್ನು ಹಾಕುವವರೆಗೆ ಒಂದು ಪೀಳಿಗೆಯ ಮಕ್ಕಳು ಅರ್ಧ ಗಂಟೆಯ ಜಾಹೀರಾತನ್ನು ಕಥೆಯೆಂದು ನೋಡಿದರು. ಅದೇ ಮಕ್ಕಳು ಬೆಳೆದು ನಲವತ್ತರ ಸುಮಾರಿಗೆ ಬಂದಾಗ, ಅದೇ ಪೆಟ್ಟಿಗೆ ಅವರ ಮುಂದೆ ಬಂದು, ಆಗ ನಿಮ್ಮಿಂದ ಕೊಳ್ಳಿಸಿದುದನ್ನು ಈಗ ನೀವು ಆಡದೆ ಇಟ್ಟಿದ್ದರೆ ಹಣವಾಗುತ್ತಿತ್ತು ಎನ್ನುತ್ತದೆ! ತನ್ನ ಕೈವಾಡವನ್ನು ಮರೆಸಿ ಅದನ್ನು ‘ಹಳೆಯ ನೆನಪು’ ಎಂದು ಕರೆಯುವ ಆಕರವನ್ನು ಸಾಕ್ಷಿಯೆಂದು ಕರೆಯಬೇಕೋ ಕಕ್ಷಿಯೆಂದು ಕರೆಯಬೇಕೋ ಓದುಗರೇ ನಿರ್ಣಯಿಸಬಹುದು. ೨೦೧೭ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಹೊರತಂದ ‘ದಿ ಟಾಯ್ಸ್ ದಟ್ ಮೇಡ್ ಅಸ್’ ಸಾಕ್ಷ್ಯಚಿತ್ರಮಾಲೆ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾದುದು. ವಿನ್ಯಾಸಕಾರರನ್ನೂ ಕಂಪೆನಿಯ ಅಧಿಕಾರಿಗಳನ್ನೂ ಮಾತನಾಡಿಸಿ ವ್ಯಾಪಾರವನ್ನು ವ್ಯಾಪಾರವೆಂದೇ ತೋರಿಸುತ್ತದೆ. ಆದರೆ ಅದು ಬಹುಮಟ್ಟಿಗೆ ಮಾಡಿದವರ ಕಥೆ, ಆಡಿದವರದಲ್ಲ.

ಮೃಚ್ಛಕಟಿಕದಲ್ಲಿ ನೆರೆಮನೆಯ ಹುಡುಗನ ಚಿನ್ನದ ಬಂಡಿಗಾಗಿ ಅಳುವ ರೋಹಸೇನನ ಮಣ್ಣಿನ ಬಂಡಿಯನ್ನು ವಸಂತಸೇನೆ ತನ್ನ ಆಭರಣಗಳಿಂದ ತುಂಬುತ್ತಾಳೆ. ಆ ಆಭರಣಗಳೇ ಮುಂದೆ ನ್ಯಾಯಸ್ಥಾನದಲ್ಲಿ ಚಾರುದತ್ತನ ವಿರುದ್ಧ ಸಾಕ್ಷ್ಯವಾಗಿ ಬೀಳುತ್ತವೆ. ಆಟಿಕೆಯೊಳಕ್ಕೆ ಬೆಲೆ ಹೊಕ್ಕಾಗ ಏನಾಗುವುದೆಂಬುದನ್ನು ಶೂದ್ರಕನು ನಮ್ಮ ವ್ಯಾಪಾರಿಗಳಿಗಿಂತ ಚೆನ್ನಾಗಿ ಬಲ್ಲವನಾಗಿದ್ದನು.

ಮಕ್ಕಳು ಕಡತಗಳನ್ನು ಬರೆದಿಡುವುದಿಲ್ಲ. ಅವರ ಚರಿತ್ರೆಗೆ ಅವರೇ ಬಿಟ್ಟ ಆಕರವೆಂದರೆ ಹಲ್ಲಿನ ಗುರುತು, ಸವೆದ ಬಣ್ಣ, ಮುರಿದ ಕೈ, ಹಿಂಭಾಗದಲ್ಲಿ ಗೀಚಿದ ಹೆಸರು ಇಂತಹವೇ. ಸಂಗ್ರಾಹಕನ ಭಾಷೆಯಲ್ಲಿ ಇವೆಲ್ಲ ದೋಷಗಳು. ಆಟಿಕೆಯು ಅಟ್ಟದಿಂದ ಇಳಿದು, ಯಾರದು, ಯಾವ ಮನೆಯದು, ಯಾವುದರ ಜೊತೆಗಿತ್ತು ಎಂಬ ದಾಖಲೆಯಿಲ್ಲದೆ ಮಾರಾಟದ ಮೇಜನ್ನು ಸೇರಿದಾಗ, ನೆಲೆಯ ವಿವರವಿಲ್ಲದೆ ಅಗೆದು ತೆಗೆದ ಮಡಕೆಯ ಚೂರಿಗೆ ಬರುವ ಗತಿಯೇ ಅದಕ್ಕೂ ಬರುತ್ತದೆ. ನಮ್ಮ ತರಗತಿಯ ಮರದ ಕುದುರೆಯ ಕಾಣೆಯಾದ ಗಾಲಿಯನ್ನು ಆ ಹುಡುಗಿಯ ಸೋದರಮಾವ ಕಿತ್ತು, ನಡುವೆ ಕಡ್ಡಿ ಸಿಕ್ಕಿಸಿ ಬುಗುರಿ ಮಾಡಿಕೊಂಡಿದ್ದನಂತೆ. ಆ ಬೇಸಿಗೆ ಅಕ್ಕತಮ್ಮಂದಿರಿಗೆ ಮಾತಿಲ್ಲವಂತೆ. ಗಾಲಿ ಇದ್ದಿದ್ದರೆ ಇದು ನಮಗೆ ತಿಳಿಯುತ್ತಿರಲಿಲ್ಲ.

ಈ ಕಾರ್ಯಕ್ರಮಗಳಲ್ಲಿ ಆಗಾಗ ಒಬ್ಬ ಮಾಲೀಕನು, ಎಷ್ಟು ಕೊಟ್ಟರೂ ಇದೊಂದನ್ನು ಮಾರುವುದಿಲ್ಲವೆನ್ನುತ್ತಾನೆ. ವ್ಯಾಪಾರಿ ಬೆಲೆಯನ್ನು ಏರಿಸಿ ನೋಡುತ್ತಾನೆ, ಕೈಕುಲುಕುತ್ತಾನೆ, ಹೊರಡುತ್ತಾನೆ. ಏಕೆ ಮಾರುವುದಿಲ್ಲವೆಂದು ಆ ಮನುಷ್ಯನು ಹೇಳಲು ತೊಡಗುವಷ್ಟರಲ್ಲಿ ದೃಶ್ಯ ಬಹುಮಟ್ಟಿಗೆ ಮುಂದಿನ ಊರಿಗೆ ಹೋಗಿಬಿಟ್ಟಿರುತ್ತದೆ.