ಆ ತಲೆ ಯಾರದು?

ಕಂಪ್ಲಿಯಿಂದ ಹೊಸಪೇಟೆಗೆ ದಿನಾ ಓಡಾಡುವ ಬಸ್ಸಿನಲ್ಲಿ ಈಚೆಗೆ ಎರಡು ಕಾದಂಬರಿ ಓದಿ ಮುಗಿಸಿದೆ. ಒಂದು, ದಾಫ್ನೆ ದು ಮೋರಿಯೆ ಬರೆದ ‘ರೆಬೆಕಾ’ (1938). ಇನ್ನೊಂದು, ಜಪಾನಿನ ಕೀಗೊ ಹಿಗಾಶಿನೊ ಬರೆದ ‘ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ (2005). ಮೊದಲನೆಯದು ಗೋಥಿಕ್, ಎರಡನೆಯದು ಅಪ್ಪಟ ಕೊಲೆ ತನಿಖೆಯ ಕಥೆ. ಎರಡನ್ನೂ ಮುಚ್ಚಿಟ್ಟ ಮೇಲೆ ನೆನಪಾದದ್ದು ಮಾತ್ರ ನಮ್ಮೂರಿನದೇ ಕಥೆ, ಕುಮಾರರಾಮನದು. ಮೂರರಲ್ಲೂ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ಹೆಣವಿದೆ. ಅದರ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು. ಕಥೆಗಳ ಗುಟ್ಟು ಬಿಚ್ಚದೆ ಇದನ್ನು ಹೇಳಲಾಗದು. ಇನ್ನೂ ಓದದವರು ಓದಿಕೊಂಡೇ ಇಲ್ಲಿಗೆ ಬಂದರೂ ನಡೆದೀತು.

‘ರೆಬೆಕಾ’ದಲ್ಲಿ ಮ್ಯಾಂಡರ್ಲಿ ಎಂಬ ದೊಡ್ಡ ಬಂಗಲೆಗೆ ಎರಡನೆಯ ಹೆಂಡತಿಯಾಗಿ ಬರುವ ಹುಡುಗಿಯೇ ಕಥೆ ಹೇಳುತ್ತಾಳೆ. ಅವಳ ಹೆಸರು ನಮಗೆ ಕೊನೆಯವರೆಗೂ ತಿಳಿಯುವುದಿಲ್ಲ. ಸತ್ತ ಮೊದಲ ಹೆಂಡತಿಯ ಹೆಸರೇ ಪುಸ್ತಕದ ಹೆಸರು. ಮನೆಯ ಮೇಲ್ವಿಚಾರಕಿ ಮಿಸೆಸ್ ಡ್ಯಾನ್ವರ್ಸ್ ರೆಬೆಕಾಳ ಕೋಣೆಯನ್ನು ತೆರೆದು ತೋರಿಸುವ ಭಾಗ ಓದುವಾಗ, ಹಾಡಹಗಲಿನ ಬಸ್ಸಿನಲ್ಲೂ ನನಗೆ ಮೈ ಜುಮ್ಮೆಂದಿತು. ಭೂತವಿಲ್ಲದೆ ಭೂತದ ಭಯ ಹುಟ್ಟಿಸುವುದು ಸುಲಭದ ಕೆಲಸವಲ್ಲ.

ಆದರೆ ಸಮುದ್ರದ ತಳದಲ್ಲಿ ರೆಬೆಕಾಳ ದೋಣಿ, ಅದರೊಳಗೆ ಅವಳ ಶವ ಸಿಕ್ಕಾಗ ಒಂದು ಪ್ರಶ್ನೆ ಏಳುತ್ತದೆ. ಹಾಗಾದರೆ ರೆಬೆಕಾ ಎಂದು ಗಂಡ ಮ್ಯಾಕ್ಸಿಮ್ ಗುರುತಿಸಿ, ಮನೆತನದ ಸಮಾಧಿಯಲ್ಲಿ ಇಟ್ಟ ಹೆಂಗಸು ಯಾರು? ಯಾರೋ ದಿಕ್ಕಿಲ್ಲದವಳು ಎಂದು ಅವನು ಮುಗಿಸಿಬಿಡುತ್ತಾನೆ. ಅಲ್ಲಿಂದ ಮುಂದೆ ಕಾದಂಬರಿಯ ಉಸಿರೆಲ್ಲ ಮ್ಯಾಕ್ಸಿಮ್ ಸಿಕ್ಕಿಬೀಳುತ್ತಾನೋ ಇಲ್ಲವೋ ಎಂಬುದರ ಮೇಲೆಯೇ. ಕೊಲೆ ಮಾಡಿದವನು ಪಾರಾಗಲಿ ಎಂದು ನಾನೂ ಹಾರೈಸುತ್ತಿದ್ದೆ. ಇದು ಲೇಖಕಿಯ ಜಾಣ್ಮೆ, ಒಪ್ಪುತ್ತೇನೆ. ಆದರೆ ಸಮಾಧಿಯಲ್ಲಿರುವ ಆ ಹೆಂಗಸನ್ನು ಮರೆತದ್ದೂ ಇದೇ ಜಾಣ್ಮೆಯ ಭಾಗ. ಅದು ನನಗೆ ಇಂದಿಗೂ ಕಸಿವಿಸಿ.

ಹಿಗಾಶಿನೊ ಈ ಮರೆವನ್ನೇ ಕಥೆಯ ಯಂತ್ರ ಮಾಡಿಕೊಂಡಿದ್ದಾನೆ. ಪಕ್ಕದ ಮನೆಯ ಯಾಸುಕೊ, ಕಾಟ ಕೊಡುತ್ತಿದ್ದ ಮಾಜಿ ಗಂಡನನ್ನು ಕೊಂದದ್ದು ನಮಗೆ ಆರಂಭದಲ್ಲೇ ಗೊತ್ತು. ಅವಳನ್ನು ಉಳಿಸಲು ಗಣಿತದ ಮೇಷ್ಟ್ರು ಇಶಿಗಾಮಿ ಏನು ಮಾಡಿದ ಎಂಬುದೇ ಗುಟ್ಟು. ಪೊಲೀಸರಿಗೆ ಸಿಕ್ಕ, ಮುಖ ಜಜ್ಜಿದ ಹೆಣ ಆ ಗಂಡನದಲ್ಲ. ನದಿಯ ದಂಡೆಯಲ್ಲಿ ಬದುಕುತ್ತಿದ್ದ, ಮನೆಯಿಲ್ಲದ ಒಬ್ಬನದು. ಅವನನ್ನು ಲೇಖಕ ಮೊದಲ ಪುಟಗಳಲ್ಲೇ ತೋರಿಸಿರುತ್ತಾನೆ. ಆ ಬದುಕಿಗೆ ಇನ್ನೂ ಒಗ್ಗದ ಹೊಸಬ. ಇಶಿಗಾಮಿ ಮನಸ್ಸಿನಲ್ಲೇ ಅವನಿಗೆ ‘ಎಂಜಿನಿಯರ್’ ಎಂದು ಹೆಸರಿಟ್ಟಿರುತ್ತಾನೆ. ನಾನು ಓದಿ, ದಾಟಿ, ಮರೆತುಬಿಟ್ಟೆ. ಗುಟ್ಟು ಬಯಲಾದಾಗ ಪುಟ ತಿರುಗಿಸಿ ಹಿಂದಕ್ಕೆ ಹೋಗಿ ನೋಡಿದೆ. ಅವನು ಅಲ್ಲೇ ಇದ್ದ. ಅವನು ಕಾಣೆಯಾದರೆ ಯಾರೂ ಹುಡುಕುವುದಿಲ್ಲ ಎಂಬ ಇಶಿಗಾಮಿಯ ಲೆಕ್ಕದಲ್ಲಿ ನಾನೂ ಒಬ್ಬನಾಗಿದ್ದೆ. ಆದರೂ ಕೊನೆಯಲ್ಲಿ ಕಾದಂಬರಿ ನಮ್ಮನ್ನು ಅಳಿಸುವುದು ಮೇಷ್ಟ್ರ ಪ್ರೀತಿಗಾಗಿಯೇ ಹೊರತು ಎಂಜಿನಿಯರನಿಗಾಗಿ ಅಲ್ಲ.

ಈಗ ನಮ್ಮೂರಿಗೆ ಬರೋಣ. ಕುಮಾರರಾಮನ ಕಥೆಯನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದ. ನನಗೆ ಹೇಳಿದ್ದು ಅಜ್ಜಿ. ಆಡುವಾಗ ಚೆಂಡು ಹೋಗಿ ಚಿಕ್ಕಮ್ಮ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ತರಲು ಹೋದ ರಾಮನನ್ನು ಅವಳು ಮೋಹಿಸುತ್ತಾಳೆ, ಅವನು ಒಲ್ಲೆನ್ನುತ್ತಾನೆ, ಅವಳು ಅವನ ಮೇಲೇ ತಪ್ಪು ಹೊರಿಸುತ್ತಾಳೆ. ಕಂಪಿಲರಾಯ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಬೇರೊಂದು ತಲೆಯನ್ನು ತೋರಿಸುತ್ತಾನೆ. ಸುಳ್ಳು ದೂರು, ಗುಪ್ತ ಮಾಳಿಗೆ, ಬದಲಿ ಹೆಣ: ಥ್ರಿಲ್ಲರಿಗೂ ಗೋಥಿಕ್ಕಿಗೂ ಇನ್ನೇನು ಬೇಕು? ಮುಂದೆ ದಿಲ್ಲಿಯ ಸೇನೆ ಬಂದಾಗ ಸತ್ತನೆಂದುಕೊಂಡ ರಾಮ ಎದ್ದು ಬರುತ್ತಾನೆ.

“ಮುಂದೇನಾತಜ್ಜಿ?” ಎಂದು ನಾನು ಅವಸರ ಮಾಡುತ್ತಿದ್ದೆ. “ಆ ತಲಿ ಯಾರದಜ್ಜಿ?” ಎಂದು ಒಮ್ಮೆಯೂ ಕೇಳಲಿಲ್ಲ. ರಾಮ ಉಳಿದನಲ್ಲ, ಸಾಕು. ಕುಮ್ಮಟದುರ್ಗದಲ್ಲಿ ರಾಮನಿಗೆ ಗುಡಿಯೂ ಇದೆ.

ಪತ್ತೇದಾರಿ ಕಥೆಗೆ ಹೆಣ ಬೇಕು, ಹೆಣದ ಬದುಕು ಬೇಡ ಎಂದು ವಾದಿಸಬಹುದು. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದುತ್ತಿದ್ದ ಕಾಲದಲ್ಲಿ ನನ್ನದೂ ಅದೇ ಮಾತಾಗಿತ್ತು. ಪತ್ತೇದಾರ ಪುರುಷೋತ್ತಮ ಕಳ್ಳನನ್ನು ಹಿಡಿದರೆ ರಾತ್ರಿ ನೆಮ್ಮದಿಯ ನಿದ್ದೆ. ಆ ಸುಖವನ್ನು ನಾನು ಹಳಿಯುವುದಿಲ್ಲ. ಕನ್ನಡದ ಎಷ್ಟೋ ಮಂದಿಗೆ ಓದಿನ ಚಟ ಹತ್ತಿದ್ದು ಅಲ್ಲಿಂದಲೇ.

ಆದರೆ ಸಂಡೂರಿನ ದಾರಿಯಲ್ಲಿ ಕೆಂಪು ದೂಳು ಕುಡಿದು ಬೆಳೆದವರಿಗೆ ಅಷ್ಟು ಸಾಲದು. ಇಲ್ಲಿಯ ದೊಡ್ಡ ಅಪರಾಧದಲ್ಲಿ ‘ಯಾರು’ ಎಂಬುದು ಗುಟ್ಟಾಗಿರಲೇ ಇಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ದೊಡ್ಡವರ ಹೆಸರುಗಳು ಪತ್ರಿಕೆಗಳ ಮುಖಪುಟ ತುಂಬಿದವು. ಸುತ್ತಿಗೆ ಹಿಡಿದು ಅದಿರು ಒಡೆದವರ, ಲಾರಿಯ ಕ್ಲೀನರ್ ಹುಡುಗರ ಹೆಸರು ಎಲ್ಲಿ ಬಂತು? ಸಂಡೂರಿನವರೇ ಆದ ವಸುಧೇಂದ್ರ ‘ಕೆಂಪು ಗಿಣಿ’ ಕಥೆಯಲ್ಲಿ ಗಣಿ ದೂಳಿನ ಕಡೆಗೆ ಕಣ್ಣು ಹಾಯಿಸಿದ್ದಾರೆ. ಅದೇ ನೆಲದಿಂದ ಒಂದು ಕೊಲೆಯ ಕಾದಂಬರಿ ಓದುವ ಆಸೆ ನನ್ನದು. ಅದು ಕೊಲೆಗಾರನಿಂದಲೂ ಬೇಡ, ಪತ್ತೇದಾರನಿಂದಲೂ ಬೇಡ. ಯಾರೂ ಹುಡುಕದ ಹೆಣದಿಂದ ಶುರುವಾಗಲಿ.

ಹಿಗಾಶಿನೊನನ್ನು ನಾನು ‘ರೆಬೆಕಾ’ಕ್ಕಿಂತ ಒಂದು ಮೆಟ್ಟಿಲು ಮೇಲಿಡುವುದು ಇದೇ ಕಾರಣಕ್ಕೆ. ಅವನು ಉತ್ತರ ಕೊಡದಿದ್ದರೂ, ಪುಟ ತಿರುಗಿಸಿ ಹಿಂದಕ್ಕೆ ಹೋಗಿ ಆ ಮನುಷ್ಯನ ಮುಖ ನೋಡುವಂತೆ ಮಾಡಿದ. ಅಜ್ಜಿ ಈಗಿಲ್ಲ. ಇದ್ದಿದ್ದರೆ ಈ ಸಲ ರಾಮನನ್ನು ನೆಲಮಾಳಿಗೆಯಲ್ಲೇ ಬಿಟ್ಟು, ಆ ಇನ್ನೊಬ್ಬನ ಮನೆಯಲ್ಲಿ ಅಂದು ರಾತ್ರಿ ಯಾರು ಯಾರು ಕಾಯುತ್ತಿದ್ದರು ಎಂದು ಕೇಳುತ್ತಿದ್ದೆ.