ನಿಗೂಢ ಅಂದುಬಿಟ್ರೆ ಮುಗೀತಾ?

‘ನಿಗೂಢ’ ಅನ್ನೋ ಪದದ ಮೇಲೆ ನನಗೊಂದು ತಕರಾರಿದೆ.

ವಿಜಯನಗರದಲ್ಲಿ ಮೆಟ್ರೋ ಹತ್ತಿ ಆಫೀಸು ಮುಟ್ಟೋದರೊಳಗೆ ಒಂದು ವೀಡಿಯೋ ಮುಗಿಸೋ ಜಾತಿ ನನ್ನದು. ಅದರಲ್ಲೂ ಕಾಣೆಯಾದ ಹಡಗು, ಕಾಣೆಯಾದ ವಿಮಾನ ಅಂದ್ರೆ ಬೆರಳು ತಾನಾಗೇ ಒತ್ತುತ್ತೆ. ಕನ್ನಡದಲ್ಲೇ ಈಗ ಇಂಥವು ರಾಶಿ ಬಿದ್ದಿವೆ. ಎಲ್ಲದರ ಅಚ್ಚೂ ಒಂದೇ. ಕಪ್ಪು ಸಮುದ್ರ, ಎದೆ ನಡುಗಿಸೋ ಸಂಗೀತ, ‘ಆ ರಾತ್ರಿ ಅಲ್ಲಿ ನಡೆದಿದ್ದಾದರೂ ಏನು?’ ಅಂತ ತಗ್ಗಿದ ದನಿ. ನಡುವೆ ನಾಲ್ಕು ಊಹೆ, ಕೊನೆಗೆ ‘ಉತ್ತರ ಕಡಲಿಗೆ ಮಾತ್ರ ಗೊತ್ತು’. ಬೆಲ್ ಐಕಾನ್ ಒತ್ತಿ, ನಮಸ್ಕಾರ.

ಇವುಗಳಿಂದ ಉಪಯೋಗ ಇಲ್ಲ ಅಂತಲ್ಲ. ‘ಬರ್ಸರ್ಕ್’ ಅನ್ನೋ ನಾರ್ವೆಯ ಯಾಟ್ ಬಗ್ಗೆ ನನಗೆ ಗೊತ್ತಾಗಿದ್ದೇ ಇಂಥ ಗೀಳಿನಿಂದ. 2011ರ ಫೆಬ್ರವರಿಯಲ್ಲಿ ಅದು ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿತ್ತು. ಯಜಮಾನ ಯಾರ್ಲೆ ಆಂಡ್‌ಹಯ್ ಜೊತೆಗೊಬ್ಬ ಹುಡುಗನನ್ನ ಕರಕೊಂಡು, ನಾಲ್ಕು ಚಕ್ರದ ಬೈಕುಗಳಲ್ಲಿ ದಕ್ಷಿಣ ಧ್ರುವ ಮುಟ್ತೀನಿ ಅಂತ ಮಂಜಿನ ಮೇಲೆ ಹೊರಟಿದ್ದ. ದೋಣಿಯಲ್ಲಿ ಉಳಿದವರು ಮೂವರು. ಫೆಬ್ರವರಿ 22ರಂದು ಬಿರುಗಾಳಿ ಎದ್ದಾಗ ದೋಣಿಯಿಂದ ಅಪಾಯದ ಸಂಕೇತ ಬಂತು, ಆಮೇಲೆ ನಿಂತುಹೋಯ್ತು. ನ್ಯೂಜಿಲೆಂಡಿನ ನೌಕಾಪಡೆಯ ಹಡಗು ಹುಡುಕಿತು. ತಿಮಿಂಗಿಲ ಬೇಟೆ ವಿರೋಧಿಸೋ ಸೀ ಶೆಪರ್ಡ್ ಸಂಸ್ಥೆಯ ಹಡಗೂ ಹುಡುಕಿತು. ಸಿಕ್ಕಿದ್ದು ಖಾಲಿ ಲೈಫ್‌ರಾಫ್ಟ್ ಒಂದೇ. ದೋಣಿಯಿಲ್ಲ, ಮೂವರೂ ಇಲ್ಲ.

ಇದು ನಿಜಕ್ಕೂ ಗೊತ್ತಾಗದೇ ಉಳಿದ ಕಥೆ. ಆದರೆ ಇದರ ಅಸಲಿ ತಿರುಳು ಬೇರೆ ಕಡೆ ಇದೆ. ಆ ಯಾತ್ರೆಗೆ ಅನುಮತಿ ತಗೊಂಡಿರಲಿಲ್ಲ. ಏನಾದ್ರೂ ಆದ್ರೆ ಹುಡುಕಿಸೋದಕ್ಕೆ ಬೇಕಾದ ವಿಮೆ ಇರಲಿಲ್ಲ. ಬದುಕಿ ಬಂದ ಯಜಮಾನನಿಗೆ ನಾರ್ವೆಯಲ್ಲಿ ದಂಡ ಬಿತ್ತು. ಅಂದ್ರೆ ದೋಣಿ ಹೇಗೆ ಮುಳುಗಿತು ಅಂತ ಯಾರಿಗೂ ಗೊತ್ತಾಗದಿದ್ರೂ, ಯಾರು ಎಲ್ಲಿ ನಿಯಮ ಮೀರಿದ್ರು ಅಂತ ಒಂದು ದೇಶ ಕೇಳಿತು, ಬರೆದಿಟ್ಟಿತು. ‘ಬಿಳಿ ನರಕ’, ‘ಸಾವಿನ ಸಮುದ್ರ’ ಅನ್ನೋ ಶೀರ್ಷಿಕೆ ಹಚ್ಚಿದ ಕೂಡ್ಲೇ ಮೊದಲು ಕತ್ತರಿ ಬೀಳೋದು ಈ ಭಾಗಕ್ಕೆ. ಕಾಗದಪತ್ರಕ್ಕೆ ಹಿನ್ನೆಲೆ ಸಂಗೀತ ಕೂರಲ್ಲ ನೋಡಿ.

ಈಗ ನಮ್ಮ ಮನೆಗೆ ಬನ್ನಿ. 2018ರ ಡಿಸೆಂಬರ್ 13ರ ರಾತ್ರಿ ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಅನ್ನೋ ಆಳಸಮುದ್ರದ ಬೋಟು ಮೀನಿಗೆ ಹೊರಟಿತು. ಒಳಗೆ ಏಳು ಜನ. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಡಿಸೆಂಬರ್ 15ರ ರಾತ್ರಿಯ ಆಚೆಗೆ ಸಂಪರ್ಕ ಇಲ್ಲ. 2019ರ ಜನವರಿ 6ಕ್ಕೆ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಬಂದು ಕೂತರು. ಅವರ ಬೇಡಿಕೆ ಸರಳವಾಗಿತ್ತು: ನಮ್ಮವರನ್ನ ಹುಡುಕಿಕೊಡಿ.

ಆ ದಿನಗಳ ಟೀವಿ ನೆನಪು ಮಾಡ್ಕೊಳ್ಳಿ. ಅಪಹರಣವಾ? ಗಡಿ ದಾಟಿದ್ದಕ್ಕೆ ಜಗಳವಾ? ಹೆಸರಲ್ಲೇ ‘ತ್ರಿಭುಜ’ ಇದ್ದಿದ್ದು ಕೆಲವರಿಗೆ ಹಬ್ಬ, ಬರ್ಮುಡಾದವರೆಗೂ ಹೋಗಿಬರೋದಕ್ಕೆ ರಸ್ತೆ ಸಿಕ್ತು. ಪ್ರಶ್ನಾರ್ಥಕ ಚಿಹ್ನೆ ಒಂದಿದ್ರೆ ಯಾವ ಮಾತಿಗೂ ಜವಾಬ್ದಾರಿ ಹೊರಬೇಕಿಲ್ಲ ಅನ್ನೋದು ಈ ಪ್ರಕಾರದ ಮೊದಲ ಪಾಠ. ಏಳು ಮನೆಗಳಲ್ಲೂ ಟೀವಿ ಇರುತ್ತೆ ಅನ್ನೋದು ಯಾರಿಗೂ ಹೊಳೀಲಿಲ್ಲ.

2019ರ ಮೇ ಮೊದಲ ವಾರ ಸುದ್ದಿ ಬಂತು. ಮಹಾರಾಷ್ಟ್ರದ ಮಾಲ್ವಣ್ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಬೋಟಿನ ಅವಶೇಷ ಪತ್ತೆ ಮಾಡಿತು. 60 ಮೀಟರ್ ಅಂದ್ರೆ ಎಷ್ಟು? ಒರಾಯನ್ ಮಾಲ್ ಪಕ್ಕದ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡದ ಸರಿಸುಮಾರು ಅರ್ಧ. ಬೋಟು ಸಿಕ್ತು. ಆದ್ರೆ ಯಾಕೆ ಮುಳುಗಿತು? ಯುದ್ಧನೌಕೆ ‘ಐಎನ್‌ಎಸ್ ಕೊಚ್ಚಿ’ ಡಿಕ್ಕಿ ಹೊಡೆದಿದೆ ಅಂತ ಮೀನುಗಾರರು ಆರೋಪಿಸಿದರು. ನೌಕಾಪಡೆ ನಿರಾಕರಿಸಿತು. ಎರಡೂ ಕಡೆ ಒಪ್ಪಿದ ಉತ್ತರ ಬರಲಿಲ್ಲ. ಆಮೇಲೆ ಕ್ಯಾಮೆರಾಗಳು ಬೇರೆ ಕಡೆ ತಿರುಗಿದವು, ‘ನಿಗೂಢ’ ಅನ್ನೋ ಹಣೆಪಟ್ಟಿ ಮಾತ್ರ ಉಳೀತು.

ನನ್ನ ತಕರಾರು ಇಲ್ಲೇ ಇರೋದು. ಈ ಒಂದು ಪದದ ಚೀಲದಲ್ಲಿ ಮೂರು ಬೇರೆ ಬೇರೆ ಸಂಗತಿ ತುರುಕ್ತೀವಿ. ಒಂದು, ಗೊತ್ತಾಗೋಕೆ ಸಾಧ್ಯ ಇಲ್ಲದ್ದು. ಎರಡು, ಗೊತ್ತುಮಾಡ್ಕೊಳ್ಳೋಕೆ ಯಾರೂ ಸಾಕಷ್ಟು ಹೆಣಗದೇ ಇದ್ದದ್ದು. ಮೂರು, ಗೊತ್ತಿದ್ದವರು ಹೇಳದೇ ಇರೋದು. ರಾಸ್ ಸಮುದ್ರದ ಕಥೆ ಮೊದಲನೇ ಸಾಲಿನದು. ಅಲ್ಲಿ ಅವಶೇಷವೇ ಇಲ್ಲ. ಸುವರ್ಣ ತ್ರಿಭುಜದ್ದು ಯಾವುದು ಅಂತ ತೀರ್ಪು ಕೊಡೋಕೆ ನಾನು ಯಾರೂ ಅಲ್ಲ. ಆದರೆ ಅವಶೇಷ ಸಿಕ್ಕಿರೋ, ಜಾಗ ಗೊತ್ತಿರೋ, ಆಳ ಗೊತ್ತಿರೋ ಬೋಟನ್ನ ಅಂಟಾರ್ಕ್ಟಿಕಾದ ಮಂಜಿನ ಜೊತೆ ಒಂದೇ ಕಪಾಟಿಗೆ ಹಾಕೋದು ತಪ್ಪು. ‘ಕಡಲಿಗೆ ಮಾತ್ರ ಗೊತ್ತು’ ಅಂದಾಗ ಕಡಲು ದಡದ ಮೇಲಿರೋ ಎಲ್ಲರನ್ನೂ ಖುಲಾಸೆ ಮಾಡಿಬಿಡುತ್ತೆ.

ನಮಗೆ ಅದು ಹದಿನೈದು ನಿಮಿಷದ ರೋಮಾಂಚನ. ಮನೆಯವರಿಗೆ ಹಾಗಲ್ಲ. ಶವ ಸಿಗದೇ ಹೋದ್ರೆ, ಏಳು ವರ್ಷ ಸುಳಿವೇ ಇಲ್ಲದ ಮೇಲಷ್ಟೇ ಸತ್ತಿದ್ದಾರೆ ಅಂತ ಭಾವಿಸಬಹುದು ಅನ್ನುತ್ತೆ ನಮ್ಮ ಸಾಕ್ಷ್ಯ ಕಾನೂನು. ವಿಮೆ, ಬ್ಯಾಂಕ್ ಖಾತೆ, ಆಸ್ತಿಯ ಖಾತಾ ಬದಲಾವಣೆ, ಎಲ್ಲದಕ್ಕೂ ಮರಣ ಪ್ರಮಾಣಪತ್ರ ಕೇಳ್ತಾರೆ. ಸಾಲದವರು ಮಾತ್ರ ಏಳು ವರ್ಷ ಕಾಯಲ್ಲ. ಹೆಂಡತಿ ಕುಂಕುಮ ಇಡಬೇಕಾ ಬೇಡವಾ ಅನ್ನೋದನ್ನ ಊರವರು ಕಾಯ್ತಾ ಕೂತಿರ್ತಾರೆ. ಇದನ್ನ ಯಾವ ವೀಡಿಯೋದಲ್ಲೂ ನಾನು ನೋಡಿಲ್ಲ.

ಹಾಗಾದ್ರೆ ಒಳ್ಳೇ ಕಥನ ಹೇಗಿರಬೇಕು? ದೂರ ಹೋಗೋದೇ ಬೇಡ. ಬೀಕನ್ ಇರೋ ಹಡಗು ನಮ್ಮ ಭಾಗದ ಸಮುದ್ರದಲ್ಲಿ ಆಪತ್ತಿಗೆ ಸಿಕ್ಕಾಗ, ಉಪಗ್ರಹದ ಮೂಲಕ ಬರೋ ಸಂಕೇತ ನೋಡೋ ಭಾರತದ ಕೇಂದ್ರ ಇರೋದು ಬೆಂಗಳೂರಲ್ಲೇ, ಪೀಣ್ಯದ ಇಸ್ಟ್ರಾಕ್‌ನಲ್ಲಿ. ರಾಜಾಜಿನಗರದಿಂದ ಹಸಿರು ಮಾರ್ಗದಲ್ಲಿ ಕೆಲವೇ ಸ್ಟೇಷನ್. ಅಲ್ಲಿಂದ ಸುದ್ದಿ ಕರಾವಳಿ ಕಾವಲು ಪಡೆಗೆ ಹೋಗುತ್ತೆ. ಮೀನುಗಾರರಿಗಂತಲೇ ಇಸ್ರೋ 2010ರಲ್ಲಿ ಅಪಾಯದ ಕರೆ ಕಳಿಸೋ ಯಂತ್ರ ತಯಾರಿಸಿತು. 2024ರಲ್ಲಿ ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಹಾಕೋ ಯೋಜನೆ ಶುರುವಾಯ್ತು. ಬೋಟಿನಲ್ಲಿ ಯಾವ ಯಂತ್ರ ಇತ್ತು, ಅದು ಕೆಲಸ ಮಾಡ್ತಿತ್ತಾ, ದೊಡ್ಡ ಹಡಗುಗಳ ದಾರಿ ಎಲ್ಲಿತ್ತು, ಯಾರು ಯಾವಾಗ ಹುಡುಕೋಕೆ ಹೊರಟ್ರು. ಕೇಳಬೇಕಾದ ಪ್ರಶ್ನೆ ಇಂಥವು. ಇದಕ್ಕೆ ಭಯಾನಕ ಸಂಗೀತ ಬೇಡ. ನಾಲ್ಕು ದಿನ ಮಲ್ಪೆಗೆ ಹೋಗಿ ತಾಂಡೇಲರ ಜೊತೆ ಕೂತು ಮಾತಾಡೋ ತಾಳ್ಮೆ ಬೇಕು.

ಭಾನುವಾರ ಬಸವೇಶ್ವರನಗರದ ಯಾವುದೋ ಕರಾವಳಿ ಹೋಟೆಲಲ್ಲಿ ಬಂಗುಡೆ ಫ್ರೈ ಆರ್ಡರ್ ಮಾಡೋ ನಮಗೆ ಇಷ್ಟಾದರೂ ಕೇಳೋ ಋಣ ಇದೆ. ಹಾಗಾಗಿ ಮುಂದಿನ ಸಲ ಯಾರಾದ್ರೂ ದನಿ ತಗ್ಗಿಸಿ ‘ನಿಗೂಢ’ ಅಂದ್ರೆ, ಕಾಮೆಂಟಲ್ಲಿ ಬೇರೇನೂ ಬರೀಬೇಡಿ. ಮೂರೇ ಮಾತು ಕೇಳಿ: ಗೊತ್ತಾಗಿಲ್ವಾ, ಹುಡುಕಿಲ್ವಾ, ಹೇಳ್ತಿಲ್ವಾ?